ಹಲವು ಗೇಮಿಂಗ್ ಪಿಸಿಗಳಿಗೆ ಒಂದೇ ಗೇಟ್‌ವೇ: ಓಪನ್‌ಡಬ್ಲ್ಯುಆರ್‌ಟಿ ವಿಮರ್ಶೆ

ನಾಲ್ಕೈದು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಆನ್‌ಲೈನ್ ಆಟ ಆಡುವವರು ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ರೂಟರ್ ತಂತ್ರಾಂಶವನ್ನು ಧೈರ್ಯವಾಗಿ ಹಾಕಿಕೊಳ್ಳಬಹುದು. 22.03ನೇ ಆವೃತ್ತಿಯಿಂದ ಇದರ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್ ಎಂಬ ಹೊಸ ಪ್ಯಾಕೆಟ್ ಶೋಧಕ ವ್ಯವಸ್ಥೆಯ ಮೇಲೆ ನಡೆಯುತ್ತದೆ, ಹಾಗಾಗಿ ಹಳೆಯ ಐಪಿಟೇಬಲ್ಸ್ ನಿಯಮಗಳನ್ನು ಹಾಗೆಯೇ ಅಂಟಿಸಬೇಡಿ.

ಇದರ ನಿಜವಾದ ಬಲ ಎಸ್‌ಕ್ಯೂಎಂ, ಅಂದರೆ ಪ್ಯಾಕೆಟ್‌ಗಳ ಸರದಿಯನ್ನು ಜಾಣತನದಿಂದ ನಿಭಾಯಿಸುವ ಸೌಲಭ್ಯ. ಒಬ್ಬರು ದೊಡ್ಡ ಅಪ್‌ಡೇಟ್ ಇಳಿಸಲು ಶುರುಮಾಡಿದರೆ ಉಳಿದವರ ಪಿಂಗ್ (ಸರ್ವರ್‌ಗೆ ಹೋಗಿ ಬರುವ ಸಮಯ) ಏರುವುದು ಮೋಡೆಮ್‌ನಲ್ಲಿ ಪ್ಯಾಕೆಟ್‌ಗಳ ಸರದಿ ಬೆಳೆಯುವುದರಿಂದ. ಲುಸಿ-ಆಪ್-ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ (ಇಂಟರ್ನೆಟ್ ಕಡೆಯ) ಇಂಟರ್‌ಫೇಸ್ ಆರಿಸಿ, ಸರದಿ ನಿಭಾಯಿಸುವ ವಿಧಾನವಾಗಿ ಕೇಕ್ ಇಟ್ಟು, ಅಳೆದ ವೇಗದ ಶೇ. 90ರಷ್ಟನ್ನು ಎರಡೂ ದಿಕ್ಕಿಗೆ ಬರೆಯಿರಿ. ಪಿಂಗ್ ಇನ್ನೂ ಜಿಗಿದರೆ ಆ ಮಿತಿಯನ್ನು ಇನ್ನಷ್ಟು ತಗ್ಗಿಸಿ. ಪ್ಯಾಕೆಟ್‌ಗಳನ್ನು ಅಡ್ಡದಾರಿಯಲ್ಲಿ ಬೇಗ ಸಾಗಿಸುವ ಫ್ಲೋ ಆಫ್‌ಲೋಡಿಂಗ್ ಆನ್ ಇದ್ದರೆ ಎಸ್‌ಕ್ಯೂಎಂ ಸರಿಯಾಗಿ ಕೆಲಸ ಮಾಡದು. ಅದನ್ನು ಆಫ್ ಮಾಡಲೇಬೇಕು. ಆಗ ರೂಟರ್‌ನ ಪ್ರೊಸೆಸರ್ ದುರ್ಬಲವಾಗಿದ್ದರೆ ಒಟ್ಟು ವೇಗವೇ ಕುಸಿಯುತ್ತದೆ.

ಕೆಲವು ಆಟಗಳು ಬಳಸುವ ಹೊರಗಿನ ಯುಡಿಪಿ 3074 ಪೋರ್ಟನ್ನು ಒಂದು ಪಿಸಿಗೆ ಫಾರ್ವರ್ಡ್ ಮಾಡಿದರೆ ಇನ್ನೊಂದಕ್ಕೆ ಅದು ಸಿಗದು, ಅಲ್ಲಿ ಸ್ಟ್ರಿಕ್ಟ್ ನ್ಯಾಟ್ ಕಾಣಬಹುದು (ನ್ಯಾಟ್ ಅಂದರೆ ಹಲವು ಸಾಧನಗಳು ಒಂದೇ ಹೊರವಿಳಾಸ ಹಂಚಿಕೊಳ್ಳುವ ವ್ಯವಸ್ಥೆ; ಸ್ಟ್ರಿಕ್ಟ್ ಎಂದರೆ ಹೊರಗಿನವರ ಸಂಪರ್ಕಕ್ಕೆ ತಡೆ). ಪೋರ್ಟ್‌ಗಳನ್ನು ತಾನಾಗಿ ತೆರೆದುಕೊಡುವ ಮಿನಿಯುಪಿಎನ್‌ಪಿಡಿ ಇದ್ದರೆ, ಆಟಕ್ಕೆ ಆ ಸೌಲಭ್ಯವಿದ್ದಲ್ಲಿ, ಆಟವೇ ಬೇರೆ ಪೋರ್ಟ್ ಕೇಳಿಕೊಳ್ಳುತ್ತದೆ. ಗೇಮಿಂಗ್ ಪಿಸಿಗಳಿಗೆ ಸ್ಥಿರ ಐಪಿ ಕೊಟ್ಟು, ಹೀಗೆ ಪೋರ್ಟ್ ಕೇಳುವ ಅನುಮತಿ ಅವುಗಳಿಗಷ್ಟೇ ಇರಲಿ. ವ್ಯಾನ್ ವಿಳಾಸ 100.64ರಿಂದ 100.127ರೊಳಗೆ ಶುರುವಾಗಿದ್ದರೆ ಅದು ಸೇವಾದಾರರದೇ ನ್ಯಾಟ್. ನಿಮ್ಮ ರೂಟರ್‌ನಲ್ಲಿ ಎಷ್ಟು ತಿದ್ದಿದರೂ ಪೋರ್ಟ್ ತೆರೆಯದು, ಸಾರ್ವಜನಿಕ ಐಪಿಯನ್ನೇ ಕೇಳಿ ಪಡೆಯಬೇಕು.