ಸಕಲೇಶಪುರ ಕಡೆ ಹೋಂಸ್ಟೇ "ಸ್ಟಾರ್‌ಲಿಟ್ ಡಿನ್ನರ್": ಊಟ ಸೂಪರ್, ಲೈಟ್ ಮಾತ್ರ ಆಫ್ ಮಾಡಿ

ಫೆಬ್ರವರಿಲಿ ಹೋಗಿದ್ವಿ, ಕಾಫಿ ಎಸ್ಟೇಟ್ ಒಳಗಿರೋ ಹೋಂಸ್ಟೇ, ಹೆಸರು ಹಾಕಲ್ಲ. ರೂಮು ಕ್ಲೀನು, ಕಡುಬು ಕೋಳಿಸಾರು ಬಗ್ಗೆ ಎರಡು ಮಾತಿಲ್ಲ. ಬರೀಬೇಕಾಗಿರೋದು ಅವರು ಬೇರೆ ಚಾರ್ಜ್ ಮಾಡೋ ಸ್ಟಾರ್‌ಲಿಟ್ ಡಿನ್ನರ್ ಬಗ್ಗೆ.

ಅಮಾವಾಸ್ಯೆ ಹತ್ರದ ದಿನಾನೇ ನೋಡಿ ಬುಕ್ ಮಾಡಿದ್ವಿ. ಹೋಗಿ ನೋಡಿದ್ರೆ ಲಾನ್ ಸುತ್ತ ಸೀರಿಯಲ್ ಸೆಟ್ಟು, ಸಿಲ್ವರ್ ಮರಗಳಿಗೆಲ್ಲ ಹಸಿರು ಫೋಕಸ್ ಲೈಟು. ಸ್ಟಾರ್‌ಲಿಟ್ ಅಂದ್ಮೇಲೆ ಆ ಜಾಗಕ್ಕೆ ಬೆಳಕು ನಕ್ಷತ್ರದಿಂದ ಬರ್ಬೇಕು ಅಲ್ವಾ, ಅದು ಹುಣ್ಣಿಮೆ ಬೆಳಕಿಗಿಂತ ನೂರಾರು ಪಟ್ಟು ಕಮ್ಮಿ, ಒಂದು ಬಲ್ಬ್ ಉರಿದ್ರೂ ಅದರ ಮುಂದೆ ನಿಲ್ಲಲ್ಲ.

ಊಟ ಆದ್ಮೇಲೆ ಓನರ್ ಹತ್ರ "ಅಣ್ಣ, ಸ್ವಲ್ಪ ಹೊತ್ತು ಎಲ್ಲಾ ಲೈಟ್ ಆಫ್ ಮಾಡ್ತೀರಾ" ಅಂತ ಕೇಳಿದ್ವಿ, ಪಾಪ ತಕ್ಷಣ ಮಾಡಿದ್ರು. ಮೊದಲು ಏನೂ ಕಾಣಲ್ಲ, ಕಣ್ಣು ಕತ್ತಲೆಗೆ ಪೂರ್ತಿ ಹೊಂದ್ಕೊಳ್ಳೋಕೆ 20-30 ನಿಮಿಷ ಬೇಕು, ಮಧ್ಯ ಯಾರಾದ್ರೂ ಮೊಬೈಲ್ ನೋಡಿದ್ರೆ ಮತ್ತೆ ಮೊದಲಿಂದ. ಆಮೇಲೆ ನಿಧಾನಕ್ಕೆ ಮರದ ಅಂಚು, ಕಾಲುದಾರಿ, ಪಕ್ಕದಲ್ಲಿ ಕೂತಿರೋರ ಆಕಾರ ಎಲ್ಲಾ ಬೂದಿ ಬಣ್ಣದಲ್ಲಿ ಕಾಣೋಕೆ ಶುರು, ಹಸಿರು ಕೆಂಪು ಗೊತ್ತೇ ಆಗಲ್ಲ ಯಾಕಂದ್ರೆ ಅಷ್ಟು ಕಮ್ಮಿ ಬೆಳಕಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯೋ ಶಕ್ತಿ ಇಲ್ಲ. ಮೇಲೆ ನೋಡಿದ್ರೆ ಕೃತ್ತಿಕೆ, ರೋಹಿಣಿ, ಲುಬ್ಧಕ, ತೆಂಕಲಲ್ಲಿ ಅಗಸ್ತ್ಯ. ನಮ್ಮ ಜೊತೆ ಬಂದಿದ್ದ ಮಕ್ಕಳು ಗಲಾಟೆ ನಿಲ್ಸಿ ಸುಮ್ನೆ ಕೂತ್ರು. ನಿಜವಾಗ್ಲೂ ದುಡ್ಡು ಕೊಡೋಕೆ ಲಾಯಕ್ಕಾಗಿರೋದು ಇದು, ಆದ್ರೆ ಪ್ಯಾಕೇಜಲ್ಲೇ ಇಲ್ಲ!

ಅವರ ಪೇಜಲ್ಲಿರೋ ಫೋಟೋ ನಂಬಿ ಹೋಗ್ಬೇಡಿ, ಹಚ್ಚಹಸಿರು ಲಾನು ಮೇಲೆ ರಾಶಿ ನಕ್ಷತ್ರ ಒಟ್ಟಿಗೆ ಬರೋದು ಕ್ಯಾಮೆರಾ ಶಟರ್ ತುಂಬಾ ಹೊತ್ತು ತೆರೆದಿಟ್ಟಾಗ. ಲಡಾಖ್‌ನ ಹಾನ್ಲೆನ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿ ಆಕಾಶ ಕತ್ತಲಾಗೇ ಇರ್ಲಿ ಅಂತ ಕಾಪಾಡೋ ಜಾಗ) ಮಾಡಿದ್ರು, ಅಲ್ಲಿ ಬೀದಿ ಮನೆ ಲೈಟೆಲ್ಲ ಕಟ್ಟುನಿಟ್ಟು, ಇಲ್ಲಿ ಅಷ್ಟೆಲ್ಲ ಬೇಡ, ಊಟ ಬಡಿಸಿದ್ಮೇಲೆ ಒಂದು ಗಂಟೆ ಸ್ವಿಚ್ ಆಫ್, ನಡೆಯೋಕೆ ಒಂದು ಮಂದ ಕೆಂಪು ಟಾರ್ಚು ಸಾಕು.

ಊಟಕ್ಕೆ 5ಕ್ಕೆ 5, ಸ್ಟಾರ್‌ಲಿಟ್ ಅನ್ನೋದಕ್ಕೆ 2. ಹೋಗೋರು ಡಿಸೆಂಬರಿಂದ ಮಾರ್ಚ್ ಒಳಗೆ ಅಮಾವಾಸ್ಯೆ ನೋಡ್ಕೊಂಡು ಹೋಗಿ, ಮಳೆಗಾಲದಲ್ಲಿ ಈ ಪ್ಯಾಕೇಜ್ ತಗೋಬೇಡಿ, ಲೈಟ್ ಆಫ್ ಮಾಡ್ತಾರಾ ಅಂತ ಬುಕ್ ಮಾಡೋವಾಗ್ಲೇ ಫೋನಲ್ಲಿ ಕೇಳ್ಕೊಳ್ಳಿ.