ಆರಿದ ಟಿವಿ, ನೀಲಿ ಪರದೆ: ಒಂದು ಸ್ಟ್ರೀಮಿಂಗ್ ಸೇವೆಯ ವಿಮರ್ಶೆ

ಹಳೆಯ ಮತ್ತು ಅಪರೂಪದ ಚಿತ್ರಗಳಿಗೆಂದೇ ಮೀಸಲಾದ ಸ್ಟ್ರೀಮಿಂಗ್ ಸೇವೆಯೊಂದಕ್ಕೆ ನಾನು ಚಂದಾದಾರನಾಗಿ ಹತ್ತು ತಿಂಗಳಾಯಿತು. ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನನ್ನ ದೂರುಗಳಲ್ಲಿ ಬಹುಪಾಲು ಈ ಬಗೆಯ ಎಲ್ಲ ಸೇವೆಗಳಿಗೂ ಅನ್ವಯಿಸುತ್ತವೆ, ಮೆಚ್ಚುಗೆಯೂ ಹಾಗೆಯೇ. ಆದರೆ ಇದನ್ನು ಬರಿಯ ಪ್ರೇಕ್ಷಕನಾಗಿ ನಾನು ತೂಗಿ ನೋಡುತ್ತಿಲ್ಲ ಎಂಬುದನ್ನು ಮೊದಲೇ ತಿಳಿಸಬೇಕು. ನಾನು ಗೇ, ಸಿನಿಮಾ ನಿರ್ದೇಶಿಸಬೇಕೆಂದು ಹೊರಟವನು. ಸದ್ಯ ನನ್ನ ಕೈಯಲ್ಲಿರುವುದು ಒಂಬತ್ತು ನಿಮಿಷದ ಕಿರುಚಿತ್ರವೊಂದರ ಚಿತ್ರಕಥೆ ಮತ್ತು ಅದರ ಅರ್ಧದಷ್ಟು ಚಿತ್ರೀಕರಣ. ನನ್ನಂಥವರು ನನಗಿಂತ ಮೊದಲು ಕ್ಯಾಮೆರಾವನ್ನು ಎಲ್ಲಿಟ್ಟರು, ಅಲ್ಲಿಯೇ ಏಕೆ ಇಟ್ಟರು ಎಂಬುದನ್ನು ಕಲಿಯುವುದಕ್ಕೆ ಈ ಸೇವೆ ಎಷ್ಟರ ಮಟ್ಟಿಗೆ ಒದಗುತ್ತದೆ ಎನ್ನುವುದಷ್ಟೇ ಈ ಬರಹದ ವಿಷಯ.

ಮುಖಪುಟದಲ್ಲಿ 'ಎಲ್‌ಜಿಬಿಟಿಕ್ಯೂ' ಎಂಬ ವಿಭಾಗವೊಂದಿದೆ. ಎಲ್ಲರಂತೆ ನಾನೂ ಮೊದಲು ಅಲ್ಲಿಗೇ ಹೋದೆ, ಎರಡು ವಾರ ಅಲ್ಲಿಯೇ ಸುತ್ತಿದೆ. ಕಥೆಯಲ್ಲಿ ಸಲಿಂಗಪ್ರೇಮಿ ಪಾತ್ರವಿದ್ದರೆ ಚಿತ್ರ ಒಳಗೆ, ಇಲ್ಲದಿದ್ದರೆ ಹೊರಗೆ ಎಂಬುದೊಂದೇ ಅಲ್ಲಿನ ವಿಂಗಡಣೆಯ ಸೂತ್ರ. ರಾತ್ರಿ ಊಟವಾದ ಮೇಲೆ ಏನಾದರೂ ನೋಡೋಣ ಎನ್ನುವವರಿಗೆ ಇಷ್ಟು ಸಾಕಾಗಬಹುದು. ಕಸುಬು ಕಲಿಯಲು ಬಂದವನಿಗೆ ಮಾತ್ರ ಇದು ದಾರಿ ತಪ್ಪಿಸುತ್ತದೆ. ಹಾಲಿವುಡ್‌ನಲ್ಲಿ 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದು 1968ರವರೆಗೆ ಉಳಿದ ನಿರ್ಮಾಣ ಸಂಹಿತೆಯು, ಅಂದರೆ ಚಿತ್ರಗಳಲ್ಲಿ ಏನನ್ನು ತೋರಿಸಬಾರದೆಂಬ ನಿಯಮಾವಳಿಯು, ಬಹುಕಾಲ ಸಲಿಂಗಪ್ರೇಮವನ್ನು ತೆರೆಯ ಮೇಲೆ ತರುವುದಕ್ಕೇ ಅಡ್ಡಿಯಾಗಿತ್ತು. ಹೇಳಬಾರದ್ದನ್ನು ಹೇಳುವ ಉಪಾಯಗಳು ಹುಟ್ಟಿದ್ದು ಆ ಕಾಲದಲ್ಲಿ, ಅಂಥ ಪಾತ್ರಗಳೇ ಇಲ್ಲದ ಚಿತ್ರಗಳಲ್ಲಿ. ಆ ಚಿತ್ರಗಳಾವುವೂ ಈ ವಿಭಾಗದಲ್ಲಿ ಸಿಗುವುದಿಲ್ಲ. ವಿಭಾಗದ ಹೊರಗೆ, ಅದೇ ಸೇವೆಯ ಬೇರೆ ಮೂಲೆಗಳಲ್ಲಿ, ಧಾರಾಳವಾಗಿ ಸಿಗುತ್ತವೆ.

ಒಂದು ಉದಾಹರಣೆಯನ್ನು ಬಿಡಿಸಿ ಹೇಳುತ್ತೇನೆ. ಡಗ್ಲಸ್ ಸರ್ಕ್ 1955ರಲ್ಲಿ ನಿರ್ದೇಶಿಸಿದ 'ಆಲ್ ದಟ್ ಹೆವನ್ ಅಲೌಸ್' ಚಿತ್ರವು ವಿಧವೆಯೊಬ್ಬಳು ತನಗಿಂತ ಕಿರಿಯನಾದ ತೋಟಗಾರನನ್ನು ಪ್ರೀತಿಸುವ ಕಥೆ. ತೋಟಗಾರನ ಪಾತ್ರ ಮಾಡಿದ ರಾಕ್ ಹಡ್ಸನ್ ಗೇ ಆಗಿದ್ದು, ವೃತ್ತಿಜೀವನದುದ್ದಕ್ಕೂ ಅದನ್ನು ಮುಚ್ಚಿಟ್ಟುಕೊಳ್ಳಬೇಕಾಗಿದ್ದವರು. ಮಕ್ಕಳ ಒತ್ತಾಯಕ್ಕೆ ಮಣಿದು ಅವಳು ಆ ಪ್ರೀತಿಯನ್ನು ಬಿಟ್ಟುಕೊಟ್ಟ ಮೇಲೆ, ಮಕ್ಕಳು ಅವಳ ಒಂಟಿತನಕ್ಕೆ ಮದ್ದೆಂಬಂತೆ ಟಿವಿಯೊಂದನ್ನು ಉಡುಗೊರೆಯಾಗಿ ತರಿಸುತ್ತಾರೆ. ಮಾರಾಟಗಾರ ಅದರ ಗುಣಗಾನ ಮಾಡುತ್ತಿರುವಾಗ ಕ್ಯಾಮೆರಾ ನಿಧಾನವಾಗಿ ಆರಿದ ಪರದೆಯ ಹತ್ತಿರಕ್ಕೆ ಸರಿಯುತ್ತದೆ. ಆ ಕಪ್ಪು ಗಾಜಿನ ಚೌಕದೊಳಗೆ ಅವಳ ಮುಖ ಸಿಕ್ಕಿಕೊಂಡು ನಿಂತಿರುತ್ತದೆ. ಹತ್ತೊಂಬತ್ತು ವರ್ಷಗಳ ನಂತರ ಜರ್ಮನಿಯ ರೈನರ್ ವರ್ನರ್ ಫಾಸ್‌ಬೈಂಡರ್ ಇದೇ ಕಥೆಯ ಎಲುಬನ್ನು ಎತ್ತಿಕೊಂಡು 'ಅಲಿ: ಫಿಯರ್ ಈಟ್ಸ್ ದ ಸೋಲ್' ಮಾಡಿದರು. ಇಲ್ಲಿ ವಿಧವೆ ಕಸಗುಡಿಸುವ ಕೆಲಸದವಳು, ಅವಳು ಮದುವೆಯಾಗುವುದು ಮೊರಾಕೊದಿಂದ ವಲಸೆ ಬಂದ ಕಾರ್ಮಿಕನನ್ನು. ಆ ಪಾತ್ರಕ್ಕೆ ಫಾಸ್‌ಬೈಂಡರ್ ಆರಿಸಿದ್ದು ತಮ್ಮ ಸಂಗಾತಿಯಾಗಿದ್ದ ಎಲ್ ಹೆದಿ ಬೆನ್ ಸಾಲೆಮ್ ಅವರನ್ನೇ. ತಾಯಿ ಹೊಸ ಗಂಡನನ್ನು ಮಕ್ಕಳಿಗೆ ಪರಿಚಯಿಸುತ್ತಾಳೆ. ಯಾರೂ ಮಾತಾಡುವುದಿಲ್ಲ. ಮಗ ಎದ್ದು ಟಿವಿಯ ಗಾಜನ್ನು ಒದ್ದು ಒಡೆಯುತ್ತಾನೆ. ಬಳಿಕ 2002ರಲ್ಲಿ ಟಾಡ್ ಹೇಯ್ನ್ಸ್ 'ಫಾರ್ ಫ್ರಮ್ ಹೆವನ್'ನಲ್ಲಿ ಸರ್ಕ್‌ನ ಬಣ್ಣಗಳನ್ನೂ ಮನೆಗಳನ್ನೂ ಎಲೆ ಉದುರುವ ಕಾಲವನ್ನೂ ಮರಳಿ ಕಟ್ಟಿ, 1957ರ ಆ ಸಂಸಾರದೊಳಗೆ ಸರ್ಕ್ ತೋರಿಸಲಾರದೇ ಹೋದದ್ದನ್ನು ಇಟ್ಟರು: ಗಂಡ ಗೇ. ಅವನ ನೌಕರಿ ಕೂಡ ಟೆಲಿವಿಷನ್‌ಗೆ ಸಂಬಂಧಿಸಿದ ಕಂಪನಿಯೊಂದರಲ್ಲಿ.

ಮೂರೂ ಚಿತ್ರಗಳು ಈ ಸೇವೆಯಲ್ಲಿ ಇದ್ದವು. ಒಂದು 'ಹಾಲಿವುಡ್ ಮೆಲೊಡ್ರಾಮಾ'ದ ಅಡಿಯಲ್ಲಿ, ಇನ್ನೊಂದು 'ಜರ್ಮನ್ ಸಿನಿಮಾ'ದ ಅಡಿಯಲ್ಲಿ, ಹೇಯ್ನ್ಸ್ ಅವರದ್ದು ಮಾತ್ರ ನಾನು ಮೊದಲು ಹೇಳಿದ ವಿಭಾಗದಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವ ಯಾವ ಕೊಂಡಿಯೂ ಇಲ್ಲ. ಮೂರನ್ನೂ ನಾನೇ ನನ್ನ ಪಟ್ಟಿಗೆ ಹಾಕಿಕೊಂಡು, ಕಾಲಕ್ರಮದಲ್ಲಿ ಜೋಡಿಸಿ, ಒಂದೇ ವಾರಾಂತ್ಯದಲ್ಲಿ ನೋಡಿದೆ. ಇದಕ್ಕೂ ಮೊದಲು ಹತ್ತಾರು ಸಲ ಕೇಳಿದ್ದ 'ಪ್ರಭಾವ' ಎಂಬ ಪದಕ್ಕೆ ಆ ಎರಡು ದಿನಗಳಲ್ಲಿ ಮೈ ಬಂತು. ಒಬ್ಬನ ಮನೆಯ ಟಿವಿಯನ್ನು ಮತ್ತೊಬ್ಬ ಒದ್ದು ಒಡೆಯುವುದೂ ಗೌರವವೇ.

ಸೇವೆಯ ನಿಜವಾದ ಬೆಲೆ ನನಗೆ ತಿಳಿದದ್ದು ಇದರ ಮರುವಾರ. ಪ್ಲೇಯರ್‌ನಲ್ಲಿ ಒಂದೊಂದೇ ಫ್ರೇಮ್ ಮುಂದೆ ಸರಿಸುವ ಸೌಲಭ್ಯವಿದೆ. ಸರ್ಕ್‌ನ ಆ ಶಾಟನ್ನು ಹಾಗೆ ಸರಿಸಿ ನೋಡಿದಾಗ, ಪ್ರತಿಬಿಂಬ ಅಷ್ಟು ಸ್ಪಷ್ಟವಾಗಿ ಮೂಡಬೇಕಾದರೆ ಬೆಳಕೆಲ್ಲ ಮುಖದ ಮೇಲಿರಬೇಕು, ಗಾಜಿಗೆ ಎದುರಾಗುವ ಉಳಿದದ್ದೆಲ್ಲ ಕತ್ತಲಾಗಿರಬೇಕು ಎಂಬುದು ಹೊಳೆಯಿತು. ನನ್ನ ಕಿರುಚಿತ್ರದಲ್ಲಿ ಇಬ್ಬರು ಗಂಡಸರು ಒಂದೇ ಕೋಣೆಯಲ್ಲಿದ್ದೂ ಒಬ್ಬರನ್ನೊಬ್ಬರು ನೇರವಾಗಿ ನೋಡದ ದೃಶ್ಯವೊಂದಿದೆ. ಒಬ್ಬನನ್ನು ಆರಿದ ಟಿವಿಯ ಗಾಜಿನಲ್ಲಿ ತೋರಿಸಲು ಹೊರಟೆ. ಮೊದಲ ಆರು ಟೇಕ್‌ಗಳಲ್ಲಿ ಗಾಜಿನೊಳಗೆ ಎದ್ದು ಕಂಡದ್ದು ನಾನು ಮತ್ತು ಟ್ರೈಪಾಡ್. ಕೊನೆಗೆ ಲೆನ್ಸ್‌ನಷ್ಟೇ ತೂತು ಮಾಡಿದ ಕರಿಬಟ್ಟೆಯೊಂದನ್ನು ಕ್ಯಾಮೆರಾದ ಮುಂದೆ ಇಳಿಬಿಟ್ಟು, ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿಸಿ, ನಟನ ಮುಖದಿಂದ ಎರಡು ಅಡಿ ದೂರದಲ್ಲಿ ದೀಪವಿಟ್ಟ ಮೇಲೆ ಏಳನೆಯದು ಕೂಡಿಬಂತು. ಯಾವ ಉಪನ್ಯಾಸವೂ ಕಲಿಸದಿದ್ದ ಈ ಪಾಠವನ್ನು ಫ್ರೇಮ್ ಸರಿಸುವ ಆ ಪುಟ್ಟ ಬಟನ್ ಕಲಿಸಿತು.

ಹುಡುಕಾಟದ ವ್ಯವಸ್ಥೆ ಇಷ್ಟು ಉದಾರವಾಗಿಲ್ಲ. ನಿರ್ದೇಶಕ, ದೇಶ, ದಶಕ ಇವುಗಳ ಮೇಲೆ ಹುಡುಕಬಹುದು. ಛಾಯಾಗ್ರಾಹಕನ ಹೆಸರಿನಿಂದಾಗಲಿ ಸಂಗೀತದಿಂದಾಗಲಿ ಸಾಧ್ಯವಿಲ್ಲ. ಕಾಯ್ತಾನೊ ವೆಲೋಸೊ ಅವರ ಕಂಠದಲ್ಲಿರುವ 'ಕುಕುರುಕುಕು ಪಾಲೋಮಾ' ಎಂಬ ಹಾಡು ವಾಂಗ್ ಕಾರ್-ವಾಯ್ ಅವರ 'ಹ್ಯಾಪಿ ಟುಗೆದರ್' (1997) ಚಿತ್ರದಲ್ಲಿ ಇಗ್ವಾಸು ಜಲಪಾತದ ಮೇಲೆ ತೇಲಿ ಬರುತ್ತದೆ. ಪೆದ್ರೊ ಅಲ್ಮೊದೊವಾರ್ ಅವರ 'ಟಾಕ್ ಟು ಹರ್' (2002) ಚಿತ್ರದಲ್ಲಿ ವೆಲೋಸೊ ಸ್ವತಃ ಕೂತು ಅದನ್ನು ಹಾಡುತ್ತಾರೆ. ಬ್ಯಾರಿ ಜೆಂಕಿನ್ಸ್ ಅವರ 'ಮೂನ್‌ಲೈಟ್' (2016) ಚಿತ್ರದಲ್ಲಿ ನಾಯಕ ಹಳೆಯ ಗೆಳೆಯನನ್ನು ಕಾಣಲು ಕಾರಿನಲ್ಲಿ ಹೋಗುವಾಗ ಅದೇ ದನಿ ಕೇಳಿಸುತ್ತದೆ. ವಾಂಗ್ ಅವರ ಋಣವನ್ನು ಜೆಂಕಿನ್ಸ್ ಬಹಿರಂಗವಾಗಿಯೇ ಒಪ್ಪಿಕೊಂಡವರು. ಈ ಇಬ್ಬರೂ ತಮ್ಮನ್ನು ಗೇ ಎಂದು ಕರೆದುಕೊಂಡವರಲ್ಲ, ಆದರೆ 'ಮೂನ್‌ಲೈಟ್'ನ ಮೂಲಕಥೆ ಬರೆದ ಟಾರೆಲ್ ಆಲ್ವಿನ್ ಮೆಕ್‌ಕ್ರೇನಿ ಗೇ. ನಮ್ಮವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯಲು ಕೂತರೆ ಈ ಹಾಡು ಆ ಗೆರೆಯನ್ನು ಮೂರು ಕಡೆ ದಾಟಿಹೋಗುತ್ತದೆ. ಈ ಸಂಬಂಧವನ್ನು ಸೇವೆ ನನಗೆ ತೋರಿಸಲಿಲ್ಲ, ಕಿವಿ ತೋರಿಸಿತು.

ಇನ್ನು ಡೆರೆಕ್ ಜಾರ್ಮನ್ ಅವರ 'ಬ್ಲೂ' (1993). ಏಡ್ಸ್ ಸಂಬಂಧಿ ತೊಂದರೆಗಳಿಂದ ದೃಷ್ಟಿ ಮಸುಕಾಗುತ್ತಿದ್ದ ಕಾಲದಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮೊದಲು ಅವರು ಮುಗಿಸಿದ ಚಿತ್ರವಿದು. ಒಂದೂಕಾಲು ಗಂಟೆಗೂ ಹೆಚ್ಚು ಹೊತ್ತು ತೆರೆಯ ಮೇಲೆ ಒಂದೇ ನೀಲಿ ಬಣ್ಣವಿರುತ್ತದೆ. ಉಳಿದದ್ದೆಲ್ಲ ದನಿಗಳು, ಗಂಟೆಗಳು, ಆಸ್ಪತ್ರೆಯ ಕಾಯುವ ಕೋಣೆ, ಸತ್ತ ಗೆಳೆಯರ ಹೆಸರುಗಳು. ಬ್ರಿಟನ್‌ನಲ್ಲಿ ಇದನ್ನು ಟಿವಿ ಮತ್ತು ರೇಡಿಯೊ ಎರಡರಲ್ಲೂ ಒಟ್ಟಿಗೆ ಬಿತ್ತರಿಸಿದ್ದರು. ಹಣವಿಲ್ಲ, ಸೆಟ್ಟಿಲ್ಲ, ನಟರ ದಿನಾಂಕ ಸಿಗುವುದಿಲ್ಲ ಎಂದು ಗೊಣಗುವ ನನ್ನಂಥವರ ಬಾಯಿ ಮುಚ್ಚಿಸುವ ಚಿತ್ರ. ಸೇವೆಯ ತಂತ್ರಾಂಶಕ್ಕೆ ಮಾತ್ರ ಇದು ಅರ್ಥವಾಗಿಲ್ಲ. ನನ್ನ ಟಿವಿಯ ಆ್ಯಪ್ ಬಿಂಬ ಕದಲುತ್ತಿಲ್ಲವೆಂದು ಕಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಸ್ಕ್ರೀನ್‌ಸೇವರ್ ಹಾಕುತ್ತಿತ್ತು: ನೀಲಿಯ ಜಾಗದಲ್ಲಿ ಹಿಮಪರ್ವತಗಳು, ಅವುಗಳ ಹಿಂದಿನಿಂದ ಸಾಯುತ್ತಿರುವ ಮನುಷ್ಯನ ದನಿ. ಮುಂದೋಡಿಸುವ ಪಟ್ಟಿಯ ಮೇಲೆ ಬೆರಳಿಟ್ಟರೆ ಸಾಲಾಗಿ ಪುಟ್ಟ ನೀಲಿ ಚೌಕಗಳು. ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬಂತು, ಜಾರ್ಮನ್ ಕೂಡ ನಗುತ್ತಿದ್ದರೇನೋ. ಸಿಟ್ಟು ಬಂದದ್ದು ಕೊನೆಯಲ್ಲಿ: ಕೊನೆಯ ದನಿ ನಿಂತು ಮೌನ ಆರಂಭವಾಗುವಷ್ಟರಲ್ಲಿ ಮೂಲೆಯಲ್ಲಿ 'ಮುಂದಿನ ಚಿತ್ರ' ಎಂಬ ಪೆಟ್ಟಿಗೆ ತೆರೆದುಕೊಂಡು ಸೆಕೆಂಡುಗಳನ್ನು ಎಣಿಸತೊಡಗಿತು. ಸೆಟ್ಟಿಂಗ್ಸ್‌ನಲ್ಲಿ ಇದನ್ನು ನಿಲ್ಲಿಸಬಹುದು. ಹೊಸಬರು ಖಾತೆ ತೆರೆದ ದಿನವೇ ನಿಲ್ಲಿಸುವುದು ಒಳ್ಳೆಯದು.

ಇದೇ ಜಾತಿಯ ಮತ್ತೊಂದು ಅಪಚಾರವೆಂದರೆ ವೇಗ ಹೆಚ್ಚಿಸುವ ಸೌಲಭ್ಯ. ಶಾಂತಾಲ್ ಅಕರ್ಮನ್ ಅವರ 'ಜ್ಯಾನ್ ಡೀಲ್‌ಮನ್' (1975) 201 ನಿಮಿಷಗಳ ಚಿತ್ರ. ಆಲೂಗೆಡ್ಡೆ ಸುಲಿಯುವುದಕ್ಕೆ ಹಿಡಿಯುವಷ್ಟೇ ಹೊತ್ತು ಅಲ್ಲಿ ಆಲೂಗೆಡ್ಡೆ ಸುಲಿಯುತ್ತಾರೆ. ಅದರ ಕೆಳಗೂ 'ಒಂದೂವರೆ ಪಟ್ಟು ವೇಗ' ಎಂಬ ಆಯ್ಕೆ ಇದೆ!

ಹೆಚ್ಚುವರಿ ಸಾಮಗ್ರಿಯ ಬಗ್ಗೆ ಸಂಕೋಚವಿಲ್ಲದೆ ಮೆಚ್ಚಿ ಬರೆಯಬಹುದು. ಸುಮಾರು ಅರ್ಧದಷ್ಟು ಚಿತ್ರಗಳಿಗೆ ನಿರ್ದೇಶಕರದ್ದೋ ವಿದ್ವಾಂಸರದ್ದೋ ವ್ಯಾಖ್ಯಾನದ ಧ್ವನಿಪಟ್ಟಿ ಇದೆ, ಪುನರುಜ್ಜೀವನ ಹೇಗೆ ನಡೆಯಿತೆಂಬ ಟಿಪ್ಪಣಿಯೂ ಇದೆ. 1919ರ ಜರ್ಮನ್ ಮೂಕಿಚಿತ್ರ 'ಡಿಫರೆಂಟ್ ಫ್ರಮ್ ದಿ ಅದರ್ಸ್' ಅನ್ನು ಈ ಟಿಪ್ಪಣಿ ಓದದೆ ನೋಡಬಾರದು. ಗಂಡಸರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆಂದು ಸಾರಿದ, ಜರ್ಮನ್ ದಂಡಸಂಹಿತೆಯ 175ನೇ ಕಲಮಿನ ವಿರುದ್ಧ ರಿಚರ್ಡ್ ಓಸ್ವಾಲ್ಡ್ ನಿರ್ದೇಶಿಸಿದ, ಲೈಂಗಿಕ ವಿಜ್ಞಾನಿ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ ಕಥೆಗೆ ಕೈಜೋಡಿಸಿ ವೈದ್ಯನ ಪಾತ್ರದಲ್ಲಿ ತಾವೇ ಕಾಣಿಸಿಕೊಂಡ ಈ ಚಿತ್ರ ಮರುವರ್ಷವೇ ನಿಷೇಧಕ್ಕೊಳಗಾಯಿತು. ಇಂದು ಉಳಿದಿರುವುದು ತುಣುಕುಗಳು ಮಾತ್ರ. ಕಳೆದುಹೋದ ದೃಶ್ಯಗಳ ಜಾಗವನ್ನು ಸ್ಥಿರಚಿತ್ರಗಳಿಂದಲೂ ಬರಹದ ಫಲಕಗಳಿಂದಲೂ ತುಂಬಿದ್ದಾರೆ. ವಯೊಲಿನ್ ವಾದಕನಾಗಿ ಕಾನ್ರಾಡ್ ಫೈಟ್ ಅವರ ಮುಖ ಚಲಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಫೋಟೊ ಆಗಿ ನಿಂತುಬಿಡುವ ಆ ಕ್ಷಣಗಳನ್ನು ನಾನು ನನ್ನ ನೋಟ್‌ಬುಕ್ಕಿನಲ್ಲಿ ತಂತ್ರವೆಂದೇ ಬರೆದುಕೊಂಡಿದ್ದೇನೆ. ಅದು ಯಾರೂ ಬೇಕೆಂದು ಮಾಡಿದ ತಂತ್ರವಲ್ಲ ಎಂಬುದು ಗೊತ್ತಿದೆ.

ಅತಿದೊಡ್ಡ ದೂರನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಹಕ್ಕುಗಳ ಅವಧಿ ಮುಗಿದ ಚಿತ್ರಗಳು ತಿಂಗಳ ಕೊನೆಗೆ ಸದ್ದಿಲ್ಲದೆ ಮಾಯವಾಗುತ್ತವೆ. 'ಶೀಘ್ರದಲ್ಲೇ ತೆರವಾಗಲಿವೆ' ಎಂಬ ಪಟ್ಟಿಯೊಂದಿದೆ, ನಿಜ. ಆದರೆ ಅದು ಮುಖಪುಟದ ತಳದಲ್ಲಿ, ಏಳು ಸಾಲುಗಳ ಕೆಳಗಿದೆ. ನನ್ನ ಎರಡನೇ ಹಂತದ ಚಿತ್ರೀಕರಣಕ್ಕೆ ನಾಲ್ಕು ದಿನ ಮೊದಲು, ಆ ತಾಯಿಯ ಮನೆಯ ಬಾಗಿಲುಗಳ ಚೌಕಟ್ಟಿನೊಳಗೆ ಫಾಸ್‌ಬೈಂಡರ್ ಜನರನ್ನು ಹೇಗೆ ನಿಲ್ಲಿಸಿದ್ದರೆಂದು ಮತ್ತೆ ನೋಡಲು ಕೂತಾಗ ಚಿತ್ರ ಅಲ್ಲಿರಲಿಲ್ಲ. ನಾನು ಅಲ್ಲಿಯೇ ಬರೆದಿಟ್ಟಿದ್ದ ಸಮಯದ ಗುರುತುಗಳೂ ಜೊತೆಗೇ ಹೋಗಿದ್ದವು. ಸಹಾಯವಾಣಿಗೆ ಬರೆದಾಗ ಒಂದೇ ದಿನದಲ್ಲಿ ಸೌಜನ್ಯದ ಉತ್ತರ ಬಂತು, ಗುರುತುಗಳು ಬರಲಿಲ್ಲ. ಈಗ ಗುರುತುಗಳನ್ನೆಲ್ಲ ಕಾಗದದ ಮೇಲೆ ಬರೆದಿಡುತ್ತೇನೆ, ಬಾಗಿಲುಗಳ ರೇಖಾಚಿತ್ರವನ್ನೂ ಕೈಯಲ್ಲೇ ಬಿಡಿಸಿಕೊಳ್ಳುತ್ತೇನೆ.

ಚಂದಾ ಮುಂದುವರಿಸುತ್ತೇನೆ, ಆದರೆ ವಾರ್ಷಿಕ ಯೋಜನೆಗೆ ಹೋಗುವುದಿಲ್ಲ. ಸಂಕಲನ ಮುಗಿಯುವವರೆಗೆ, ಅಂದರೆ ಇನ್ನು ಮೂರು ತಿಂಗಳು, ತಿಂಗಳ ಲೆಕ್ಕದಲ್ಲೇ ಕಟ್ಟುತ್ತೇನೆ. ಪ್ರತಿ ತಿಂಗಳ 25ರಂದು ಮುಖಪುಟದ ಆ ಎಂಟನೇ ಸಾಲಿಗೆ ಇಳಿದು ನೋಡುವಂತೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದೇನೆ.