ಕೂಲೆಂಟ್ ಬಣ್ಣ ನೋಡಿ ತಗೋಬೇಡಿ: ಡೀಸೆಲ್ ಪಿಕಪ್‌ಗೆ ನೈಟ್ರೈಟ್ ಇಲ್ಲದ ಓಎಟಿ ಕಾನ್ಸಂಟ್ರೇಟ್ ಹಾಕಿದ ಮೇಲೆ ನನ್ನ ರಿವ್ಯೂ

ಡೀಸೆಲ್ ಪಿಕಪ್ ಇಟ್ಕೊಂಡಿರೋರು ಕೂಲೆಂಟ್ (ಎಂಜಿನ್ ತಣ್ಣಗಿಡೋ ದ್ರವ) ಬದಲಾಯಿಸೋ ಯೋಚನೆಲಿದ್ರೆ ಮೊದಲೇ ಹೇಳ್ಬಿಡ್ತೀನಿ, ಅರ್ಧ ನೀರು ಬೆರೆಸಿಯೇ ಬರೋ ರೆಡಿ ಮಿಕ್ಸ್ ಕ್ಯಾನ್ ಬಿಟ್ಟು ನೀರು ಬೆರೆಸದ ಕಾನ್ಸಂಟ್ರೇಟ್ ತಗೊಳ್ಳಿ, ಅದ್ರಲ್ಲೂ ನಿಮ್ಮ ಎಂಜಿನ್ ಕಂಪನಿಯವ್ರು ಒಪ್ಪಿದ್ರೆ ನೈಟ್ರೈಟ್ (ತುಕ್ಕು ತಡೆಯೋ ಒಂದು ಕೆಮಿಕಲ್) ಇಲ್ಲದ ಓಎಟಿ, ಅಂದ್ರೆ ಆರ್ಗ್ಯಾನಿಕ್ ಆಸಿಡ್ ಟೈಪಿನ, ಎಕ್ಸ್‌ಟೆಂಡೆಡ್ ಲೈಫ್ ತಗೊಳ್ಳಿ, ಜೊತೆಗೆ ಡಿಸ್ಟಿಲ್ಡ್ ವಾಟರ್. ನಾನು ಹಾಕಿರೋದು ಇದೇ, ತುಂಬಾ ಖುಷಿಯಾಗಿದೀನಿ. ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕಿಲ್ಲ, ಯಾಕಂದ್ರೆ ಇದೇ ಸ್ಪೆಕ್‌ನಲ್ಲಿ ಸುಮಾರು ಕಂಪನಿಗಳು ಮಾಡ್ತವೆ, ನೀವು ಹುಡುಕ್ಬೇಕಾಗಿರೋದು ಸ್ಪೆಕ್.

ಮೊದಲು ಈ ಬಣ್ಣದ ವಿಷಯ. ಹಸಿರು ಅಂದ್ರೆ ಹಳೇ ಟೈಪು, ಕೆಂಪು ಅಂದ್ರೆ ಲಾಂಗ್ ಲೈಫು ಅಂತ ತುಂಬಾ ಜನ ನಂಬಿದಾರೆ, ಆದ್ರೆ ಅದು ಬರೀ ಡೈ, ಯಾವ ಕಂಪನಿ ಬೇಕಾದ್ರೂ ಯಾವ ಬಣ್ಣ ಬೇಕಾದ್ರೂ ಹಾಕ್ಬಹುದು. ಕ್ಯಾನ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿ. ಎಎಸ್‌ಟಿಎಂ (ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ) ಡಿ3306 ಅಂತ ಮಾತ್ರ ಇದ್ರೆ ಅದು ಕಾರು ಮತ್ತೆ ಲೈಟ್ ಡ್ಯೂಟಿ ಗಾಡಿಗಳ ಸ್ಟ್ಯಾಂಡರ್ಡ್. ಡಿ6210 ಅಂತನೂ ಇದ್ರೆ ಹೆವಿ ಡ್ಯೂಟಿ ಎಂಜಿನ್‌ಗೂ ಆಗುತ್ತೆ ಅಂತ ಅರ್ಥ. ದೊಡ್ಡ ಡೀಸೆಲ್ ಎಂಜಿನ್ ಮಾಡೋ ಕ್ಯಾಟರ್‌ಪಿಲ್ಲರ್‌ನವರ ಕೂಲೆಂಟ್ ಸ್ಪೆಕ್ ಇಸಿ-1 ಅಂತ ಬರೆದಿದ್ರೆ ಅದೂ ಡೀಸೆಲ್ ಜನಕ್ಕೆ ಭರವಸೆ ಕೊಡೋ ಗುರುತು. ಇದೆಲ್ಲಕ್ಕಿಂತ ಮೇಲೆ ನಿಮ್ಮ ಗಾಡಿ ಮ್ಯಾನ್ಯುಅಲ್‌ನಲ್ಲಿರೋ ಸ್ಪೆಕ್ ನಂಬರ್, ಅದು ಕ್ಯಾನ್ ಮೇಲೆ ಇಲ್ಲ ಅಂದ್ರೆ ವಾಪಸ್ ಇಟ್ಬಿಡಿ. "ಎಲ್ಲಾ ಗಾಡಿಗೂ ಆಗುತ್ತೆ" ಅಂತ ಮುಂದುಗಡೆ ದೊಡ್ಡದಾಗಿ ಹಾಕಿರ್ತಾರಲ್ಲ, ಅದನ್ನ ನಂಬೋಕೆ ಹೋಗ್ಬೇಡಿ.

ಡೀಸೆಲ್‌ಗೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು ಅಂತ ಕೇಳ್ತೀರ. ಡೀಸೆಲ್ ಎಂಜಿನ್‌ನಲ್ಲಿ ಪ್ರತಿ ಸಲ ಇಂಧನ ಹೊತ್ಕೊಂಡಾಗ ಸಿಲಿಂಡರ್ ಗೋಡೆ ಅದುರುತ್ತೆ, ಆ ಗೋಡೆ ಹಿಂದೆ ಇರೋದು ಕೂಲೆಂಟ್, ಅದುರಿದಾಗ ಅಲ್ಲಿ ಒಂದು ಕ್ಷಣ ಪ್ರೆಶರ್ ಬಿದ್ದು ಸಣ್ಣ ಸಣ್ಣ ಆವಿ ಗುಳ್ಳೆ ಹುಟ್ತವೆ, ಮರುಕ್ಷಣ ಗೋಡೆಗೆ ಅಂಟಿಕೊಂಡೇ ಒಡೀತವೆ. ಒಂದೊಂದು ಗುಳ್ಳೆ ಒಡೆದಾಗ್ಲೂ ಲೋಹಕ್ಕೆ ಒಂದು ಪೆಟ್ಟು. ವರ್ಷಗಟ್ಟಲೆ ಇದೇ ನಡೆದ್ರೆ ಆ ಗೋಡೆ ಹೊರಗಡೆ ಗೆದ್ದಲು ತಿಂದ ಮರದ ಹಾಗೆ ತೂತು ತೂತು ಆಗುತ್ತೆ, ಕೊನೆಗೆ ಒಂದು ತೂತು ಒಳಗಡೆ ತನಕ ಹೋದ್ರೆ ಕೂಲೆಂಟ್ ಸಿಲಿಂಡರ್ ಒಳಗೆ, ಎಂಜಿನ್ ಕಥೆ ಮುಗೀತು. ಇದಕ್ಕೇ ಕ್ಯಾವಿಟೇಶನ್ ಅನ್ನೋದು. ಫೋರ್ಡ್‌ನ ಹಳೇ 7.3 ಪವರ್‌ಸ್ಟ್ರೋಕ್ ಡೀಸೆಲ್ ಎಂಜಿನ್ ಇಟ್ಕೊಂಡಿರೋರು ಹಳೇ ಟೈಪ್ ಮಾಮೂಲಿ ಕೂಲೆಂಟ್ ಜೊತೆ ಎಸ್‌ಸಿಎ ಅಂತ ಅಡಿಟಿವ್ ಹಾಕ್ತಾ, ಟೆಸ್ಟ್ ಸ್ಟ್ರಿಪ್ ಅದ್ದಿ ನೋಡ್ತಾ ಇರೋದು ಇದೇ ಕಾರಣಕ್ಕೆ. ಅದ್ರಲ್ಲಿರೋ ನೈಟ್ರೈಟ್ ಸಿಲಿಂಡರ್ ಗೋಡೆ ಮೇಲೆ ತೆಳುವಾದ ರಕ್ಷಣೆ ಪದರ ಕಟ್ಟುತ್ತೆ, ಆದ್ರೆ ಓಡ್ತಾ ಓಡ್ತಾ ಖಾಲಿ ಆಗುತ್ತೆ, ಮತ್ತೆ ಹಾಕ್ಬೇಕು, ಜಾಸ್ತಿ ಹಾಕಿದ್ರೂ ಕಷ್ಟ.

ಮತ್ತೆ ನೈಟ್ರೈಟ್ ಬೇಡ ಅಂತ ಯಾಕೆ ಹೇಳ್ತಿದೀನಿ ಅಂದ್ರೆ, ಈಗಿನ ರೇಡಿಯೇಟರ್, ಹೀಟರ್ ಕೋರ್ (ಕ್ಯಾಬಿನ್ ಬಿಸಿ ಮಾಡೋ ಸಣ್ಣ ರೇಡಿಯೇಟರ್) ಎಲ್ಲಾ ಅಲ್ಯೂಮಿನಿಯಂ, ನೈಟ್ರೈಟಿಗೂ ಅಲ್ಯೂಮಿನಿಯಂಗೂ ಅಷ್ಟು ಆಗಿಬರಲ್ಲ. ಓಎಟಿಲಿ ಕೆಲಸ ಮಾಡೋದು ಆರ್ಗ್ಯಾನಿಕ್ ಆಸಿಡ್‌ಗಳು, ಅವು ಎಲ್ಲಾ ಕಡೆ ಪದರ ಕಟ್ಕೊಂಡು ಕೂರಲ್ಲ, ತುಕ್ಕು ಶುರುವಾಗೋ ಜಾಗದಲ್ಲಿ ಮಾತ್ರ, ಗುಳ್ಳೆ ಪೆಟ್ಟು ಬೀಳೋ ಗೋಡೆನೂ ಸೇರಿ, ಕೆಲಸ ಮಾಡ್ತವೆ, ಅದಕ್ಕೇ ನಿಧಾನಕ್ಕೆ ಖರ್ಚಾಗ್ತವೆ, ವರ್ಷಗಟ್ಟಲೆ ಬಾಳ್ತವೆ. ಇನ್ನೊಂದು ವಿಷಯ ಸಿಲಿಕೇಟ್, ಅದೂ ಕೆಲವು ಕೂಲೆಂಟ್‌ಗೆ ತುಕ್ಕು ತಡೆಯೋಕೆ ಹಾಕೋ ಕೆಮಿಕಲ್. ಸಿಲಿಕೇಟ್ ಇರೋ ಕೂಲೆಂಟ್ ಕೆಟ್ಟದ್ದು ಅಂತ ಅಲ್ಲ, ಅಲ್ಯೂಮಿನಿಯಂನ ಬೇಗ ಕಾಪಾಡುತ್ತೆ, ಆದ್ರೆ ಹಳೇದಾದಾಗ, ಅತಿಯಾಗಿ ಬಿಸಿಯಾದಾಗ, ಬೇರೆ ಟೈಪ್ ಜೊತೆ ಬೆರೆತಾಗ ಅದು ಜೆಲ್ ಥರ ಕೆಳಗೆ ಕೂರುತ್ತೆ. 2003ರಿಂದ 2007ರವರೆಗಿನ ಫೋರ್ಡ್ ಪಿಕಪ್‌ಗಳಲ್ಲಿದ್ದ 6.0 ಪವರ್‌ಸ್ಟ್ರೋಕ್ ಬಗ್ಗೆ ಡೀಸೆಲ್ ಜನ ಇವತ್ತಿಗೂ ಮಾತಾಡೋದು ಇದನ್ನೇ. ಆಯಿಲ್ ಕೂಲರ್‌ನ ಸಣ್ಣ ದಾರಿಗಳು ಈ ಜೆಲ್ಲು ಮತ್ತೆ ಕಾಸ್ಟಿಂಗ್ ಮರಳಿಂದ (ಬ್ಲಾಕ್ ಎರಕ ಹುಯ್ದಾಗ ಒಳಗೇ ಉಳಿದ ಮರಳು) ಕಟ್ಕೊಳ್ತವೆ, ಅದನ್ನ ದಾಟಿ ಹೋಗೋ ಕೂಲೆಂಟೇ ಇಜಿಆರ್ ಕೂಲರ್‌ಗೆ (ಎಂಜಿನ್‌ಗೆ ವಾಪಸ್ ಕಳಿಸೋ ಹೊಗೆನ ತಣ್ಣಗೆ ಮಾಡೋ ಭಾಗ) ಹೋಗ್ಬೇಕು, ಹರಿವು ಕಮ್ಮಿಯಾಗಿ ಇಜಿಆರ್ ಕೂಲರ್ ಒಳಗೆ ಕೂಲೆಂಟ್ ಕುದ್ದು ಅದು ಸೀಳುತ್ತೆ, ಆಮೇಲೆ ಒಂದರ ಹಿಂದೆ ಒಂದು ಖರ್ಚು. ಅದಕ್ಕೇ ಆ ಎಂಜಿನ್ ಇರೋರು ಹೈವೇಲಿ ಹೋಗ್ವಾಗ ಆಯಿಲ್ ಟೆಂಪರೇಚರು ಕೂಲೆಂಟ್ ಟೆಂಪರೇಚರು ಎರಡೂ ನೋಡ್ತಿರ್ತಾರೆ, ವ್ಯತ್ಯಾಸ ಸುಮಾರು 8 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಕೂಲರ್ ಕಟ್ಕೋತಿದೆ ಅಂತ ಲೆಕ್ಕ. ಸುಮಾರು ಜನ ಮೂಲ ಕೂಲೆಂಟ್ ಬಿಟ್ಟು ಇಸಿ-1 ಇರೋದಕ್ಕೆ ಹೋಗಿದ್ದು ಇದಾದ ಮೇಲೆನೇ.

ನನ್ನ ಗಾಡಿ ಸೆಕೆಂಡ್ ಹ್ಯಾಂಡ್, ಹಿಂದಿನ ವರ್ಕ್‌ಶಾಪ್‌ನವರು ಕೈಗೆ ಸಿಕ್ಕಿದ್ದನ್ನ ಟಾಪ್ ಅಪ್ ಮಾಡಿದ್ರು ಅಂತ ರಿಸರ್ವಾಯರ್ ನೋಡಿದ್ರೇನೇ ಗೊತ್ತಾಗ್ತಿತ್ತು, ಹಸಿರೂ ಅಲ್ಲ ಕಿತ್ತಳೆನೂ ಅಲ್ಲ, ಚಹಾ ಬಣ್ಣ. ರೇಡಿಯೇಟರ್ ಕೆಳಗಿನ ಡ್ರೈನ್ ಬಿಚ್ಚಿದಾಗ ಸಲೀಸಾಗಿ ಇಳೀತು. ಆದ್ರೆ ಅಸಲಿ ಕೊಳೆ ಇದ್ದಿದ್ದು ಬ್ಲಾಕ್‌ನಲ್ಲಿ. ಬ್ಲಾಕ್ ಡ್ರೈನ್ ಪ್ಲಗ್ ಪೂರ್ತಿ ಹೊರಗೆ ತೆಗೆದ್ರೂ ಒಂದು ಹನಿ ಬರ್ಲಿಲ್ಲ, ತಂತಿ ಹಾಕಿ ಮೆತ್ತಗೆ ಕೆದಕಿದಾಗ ಮೊದಲು ಕಂದು ಬಣ್ಣದ ಕೆಸರು ಒಂದು ಮುದ್ದೆ ಹೊರಗೆ ಬಿತ್ತು, ಬೆರಳಲ್ಲಿ ಉಜ್ಜಿದ್ರೆ ಸಣ್ಣ ಮರಳು ಕೈಗೆ ಸಿಗ್ತಿತ್ತು, ಅದಾದ ಮೇಲೆ ಧಾರೆ ಶುರುವಾಯ್ತು. ಬರೀ ರೇಡಿಯೇಟರ್ ಖಾಲಿ ಮಾಡಿ ಹೊಸದು ಹುಯ್ದು ಕಳಿಸೋ ಸರ್ವಿಸ್‌ನಲ್ಲಿ ಇದೆಲ್ಲಾ ಒಳಗೇ ಉಳ್ಕೊಳ್ಳುತ್ತೆ. ದಯವಿಟ್ಟು ಬ್ಲಾಕ್ ಪ್ಲಗ್ ಬಿಚ್ಚಿಸಿ, ವಿ ಶೇಪ್ ಎಂಜಿನ್ ಆದ್ರೆ ಎರಡೂ ಕಡೆ ಇರುತ್ತೆ.

ಎಂಜಿನ್ ತಣ್ಣಗಿದ್ದಾಗ ಮಾತ್ರ ಕ್ಯಾಪ್ ತೆಗೀಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ, ಬಿಸಿ ಇದ್ದಾಗ ಪ್ರೆಶರ್‌ನಲ್ಲಿರುತ್ತೆ, ಮುಖ ಸುಟ್ಕೊಳ್ತೀರ. ಫ್ಲಶ್ ಮಾಡೋವಾಗ ಹೀಟರ್ ಫುಲ್ ಹಾಟ್‌ಗೆ ಇಟ್ಟು ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡೋ ವಾಲ್ವ್) ಓಪನ್ ಆಗೋ ತನಕ ಎಂಜಿನ್ ಓಡಿಸಿ, ಇಲ್ಲಾಂದ್ರೆ ನೀರು ಪೂರ್ತಿ ಸುತ್ತೋದೇ ಇಲ್ಲ. ಇಳಿಯೋ ನೀರು ತಿಳಿಯಾಗೋ ತನಕ ರಿಪೀಟ್, ಕೊನೇ ರೌಂಡು ಕಡ್ಡಾಯವಾಗಿ ಡಿಸ್ಟಿಲ್ಡ್ ವಾಟರ್‌ನಲ್ಲಿ. ನಲ್ಲಿ ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಒಳಗೆ ಗಾರೆ ಥರ ಕೂತ್ರೆ ಬಿಸಿ ಸರಿಯಾಗಿ ಹೊರಗೆ ಹೋಗಲ್ಲ.

ಈಗ ಕಾನ್ಸಂಟ್ರೇಟ್ ಯಾಕೆ ಅನ್ನೋದಕ್ಕೆ ಬರ್ತೀನಿ, ತುಂಬಾ ಜನ ಲೆಕ್ಕ ತಪ್ಪೋದು ಇಲ್ಲೇ. ಸಿಸ್ಟಂ ಒಟ್ಟು 12 ಲೀಟರ್ ಅಂತ ಇಟ್ಕೊಳ್ಳಿ. ಫ್ಲಶ್ ಮಾಡಿ ಖಾಲಿ ಮಾಡಿದ್ರೂ ಮೂಲೆ ಮೂಲೆಲಿ, ಹೀಟರ್ ಕೋರ್‌ನಲ್ಲಿ 4 ಲೀಟರ್ ನೀರು ಉಳೀತು ಅಂದ್ಕೊಳ್ಳಿ. ಈಗ ರೆಡಿ ಮಿಕ್ಸ್ ಹುಯ್ದ್ರೆ ಹಿಡಿಯೋದು 8 ಲೀಟರ್, ಅದ್ರಲ್ಲಿ ಅಸಲಿ ಕೂಲೆಂಟ್ ಇರೋದು 4 ಲೀಟರ್, ಅಂದ್ರೆ ಒಟ್ಟು 12ರಲ್ಲಿ ಮೂರನೇ ಒಂದು ಭಾಗ ಮಾತ್ರ. ಅರ್ಧಕ್ಕರ್ಧ ಮಿಕ್ಸ್ ಇದ್ರೆ ಸುಮಾರು ಮೈನಸ್ 37 ಡಿಗ್ರಿ ತನಕ ಹೆಪ್ಪುಗಟ್ಟಲ್ಲ, ಇಲ್ಲಿ ಮೈನಸ್ 18ರ ಹತ್ತಿರಕ್ಕೇ ನಿಂತ್ಹೋಗುತ್ತೆ. ಅಷ್ಟು ಚಳಿ ನಮ್ಮ ಕಡೆ ಇಲ್ಲ ಬಿಡಿ ಅಂತ ಸುಮ್ಮನಾಗೋ ಹಾಗೂ ಇಲ್ಲ, ಯಾಕಂದ್ರೆ ತುಕ್ಕು ತಡೆಯೋ ಕೆಮಿಕಲ್ಸೂ ಅಷ್ಟೇ ಪ್ರಮಾಣದಲ್ಲಿ ತೆಳ್ಳಗಾಗಿರುತ್ತೆ. ಅದಕ್ಕೆ ಕಾನ್ಸಂಟ್ರೇಟ್ ತಂದು ಮೊದಲು 6 ಲೀಟರ್ ಅದನ್ನ ಹುಯ್ಯಿರಿ, ಆಮೇಲೆ ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್, ಒಳಗೆ ಎಷ್ಟು ನೀರು ಉಳಿದಿತ್ತೋ ಅದು ತಾನಾಗೇ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ. ಹಾಗಂತ ಜಾಸ್ತಿ ಹಾಕಿದ್ರೆ ಒಳ್ಳೇದು ಅಂತ ಪೂರ್ತಿ ಕಾನ್ಸಂಟ್ರೇಟೇ ತುಂಬಿಸ್ಬೇಡಿ, ಕಾನ್ಸಂಟ್ರೇಟ್‌ನ ಮುಖ್ಯ ದ್ರವ ಎಥಿಲೀನ್ ಗ್ಲೈಕಾಲ್, ನೀರೇ ಇಲ್ದಿದ್ರೆ ಅದು ಮೈನಸ್ 13ರ ಹತ್ತಿರಾನೇ ಹೆಪ್ಪುಗಟ್ಟುತ್ತೆ, ಶಾಖ ಹೊರೋದ್ರಲ್ಲೂ ನೀರಿಗಿಂತ ಹಿಂದೆ.

ತುಂಬಿಸೋವಾಗ ನಿಧಾನ. ಗಾಳಿ ಸಿಕ್ಕಾಕೊಂಡ್ರೆ ಹೀಟರ್‌ನಲ್ಲಿ ತಣ್ಣನೆ ಗಾಳಿ ಬರುತ್ತೆ, ಟೆಂಪರೇಚರ್ ಮುಳ್ಳು ಮೇಲೆ ಕೆಳಗೆ ಕುಣಿಯುತ್ತೆ. ಕೆಲವು ದಿನ ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಲೆವೆಲ್ ನೋಡ್ತಾ ಇರಿ, ಸ್ವಲ್ಪ ಇಳಿಯೋದು ಸಹಜ. ಕ್ಯಾಪ್‌ನ ರಬ್ಬರ್ ಹಳೇದಾಗಿದ್ರೆ ಅದನ್ನೂ ಬದಲಾಯಿಸಿ, ಲೆವೆಲ್ ಕಮ್ಮಿಯಾಗಿ ಗಾಳಿ ಸೇರ್ತಾ ಇದ್ರೆ ಎಂಥ ಒಳ್ಳೇ ಓಎಟಿನೂ ಕಂದು ಕೆಸರಾಗುತ್ತೆ.

ಮಿಕ್ಸ್ ಸರಿ ಇದೆಯಾ ಅಂತ ನೋಡೋಕೆ ರಿಫ್ರಾಕ್ಟೋಮೀಟರ್ (ಬೆಳಕು ಬಾಗೋದ್ರಿಂದ ಮಿಕ್ಸ್ ಅಳೆಯೋ ಸಾಧನ) ತಗೊಳ್ಳಿ, ತೇಲೋ ಬಾಲ್ ಇರೋ ಟೆಸ್ಟರ್ ನಂಗೆ ಯಾವತ್ತೂ ನಂಬಿಕೆ ಬಂದಿಲ್ಲ. ಗಾಜಿನ ಮೇಲೆ ಒಂದೆರಡು ಹನಿ ಬಿಟ್ಟು ಮುಚ್ಚಳ ಮುಚ್ಚಿ ಬೆಳಕಿಗೆ ಹಿಡಿದ್ರೆ ಮೇಲೆ ನೀಲಿ ಕೆಳಗೆ ಬಿಳಿ ಕಾಣುತ್ತೆ, ಎರಡೂ ಸೇರೋ ಗೆರೆ ಎಲ್ಲಿ ನಿಂತಿದೆಯೋ ಅದೇ ರೀಡಿಂಗ್. ಎಥಿಲೀನ್ ಗ್ಲೈಕಾಲ್‌ಗೆ ಬೇರೆ ಸ್ಕೇಲು, ಪ್ರೊಪಿಲೀನ್ ಗ್ಲೈಕಾಲ್ ಕೂಲೆಂಟ್‌ಗೆ ಬೇರೆ ಸ್ಕೇಲು, ಅದನ್ನ ನೋಡ್ಕೊಂಡು ಓದಿ. ನನ್ನದ್ರಲ್ಲಿ ಗೆರೆ ಮೈನಸ್ 37ಕ್ಕಿಂತ ಒಂಚೂರು ಕೆಳಗೆ ನಿಂತಿತ್ತು, ಆಗ ಸಮಾಧಾನ ಆಯ್ತು.

ಬಳಸಿದ ಮೇಲೆ ಹೇಗಿದೆ ಅಂದ್ರೆ, ಘಾಟಿಯಲ್ಲಿ ಲೋಡ್ ಹಾಕ್ಕೊಂಡು ಹತ್ತಿದ್ರೂ ಮುಳ್ಳು ಅಲ್ಲಾಡ್ತಿಲ್ಲ, ರಿಸರ್ವಾಯರ್ ಒಳಗೆ ಕೂಲೆಂಟ್ ಇವತ್ತಿಗೂ ತಿಳಿ, ಹೀಟರ್ ಬೇಗ ಬಿಸಿಯಾಗುತ್ತೆ. ಇದ್ರಲ್ಲಿ ಫ್ಲಶ್‌ನ ಪಾಲೇ ಜಾಸ್ತಿ ಇರ್ಬಹುದು, ಅದನ್ನೂ ಹೇಳ್ಬೇಕು.

ಮೈನಸ್ ಏನಂದ್ರೆ ಬೇರೆ ಟೈಪ್ ಬೆರೆಸೋಕೆ ಆಗಲ್ಲ. ಕ್ಯಾಟರ್‌ಪಿಲ್ಲರ್‌ನವರು ಅವರ ಎಕ್ಸ್‌ಟೆಂಡೆಡ್ ಲೈಫ್ ಕೂಲೆಂಟಿಗೆ ಮಾಮೂಲಿ ಕೂಲೆಂಟ್ ಬೆರಕೆ ಶೇಕಡಾ 10 ದಾಟಬಾರ್ದು ಅಂತಾರೆ, ದಾಟಿದ್ರೆ ಲಾಂಗ್ ಲೈಫ್ ಅನ್ನೋದು ಹೆಸರಿಗೆ ಮಾತ್ರ. ದಾರೀಲಿ ಲೀಕ್ ಆದ್ರೆ ಸಿಕ್ಕಿದ್ದನ್ನ ಹುಯ್ಯೋ ಬದ್ಲು ಡಿಸ್ಟಿಲ್ಡ್ ವಾಟರ್ ಹಾಕ್ಕೊಂಡು ಬನ್ನಿ, ಆಮೇಲೆ ಸರಿ ಮಾಡ್ಕೋಬಹುದು. ನಾನಂತೂ ಒಂದು ಲೀಟರ್ ಮಿಕ್ಸ್ ಮಾಡಿ ಸೀಟ್ ಹಿಂದೆ ಇಟ್ಟಿರ್ತೀನಿ. ತೆಗೆದ ಹಳೇ ಕೂಲೆಂಟ್ ಚರಂಡಿಗೆ ಚೆಲ್ಲಬೇಡಿ, ತೆರೆದ ಟಬ್‌ನಲ್ಲಿ ಬಿಡ್ಲೂಬೇಡಿ, ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯ್ತವೆ, ಮಕ್ಕಳಿಗೂ ಅಷ್ಟೇ ಅಪಾಯ. ಮುಚ್ಚಳ ಇರೋ ಕ್ಯಾನ್‌ಗೆ ತುಂಬಿ ಹಳೇ ಆಯಿಲ್ ತಗೊಳ್ಳೋ ಕಡೆ ವಿಚಾರಿಸಿ ಕೊಡಿ.

5ಕ್ಕೆ 4 ಸ್ಟಾರ್. ಒಂದು ಕಟ್ ಮಾಡಿದ್ದು ಲೇಬಲ್‌ಗೆ, ನೈಟ್ರೈಟ್ ಇಲ್ಲ ಅನ್ನೋ ಮುಖ್ಯ ಮಾತು ಮತ್ತೆ ಸ್ಪೆಕ್ ನಂಬರ್‌ಗಳನ್ನ ಹಿಂದೆ ಕೆಳಮೂಲೆಲಿ ಕಾಣದ ಹಾಗೆ ಪ್ರಿಂಟ್ ಮಾಡಿದಾರೆ, ಅದು ಮುಂದೆ ಇರ್ಬೇಕಿತ್ತು.